ಕೂನಾ ಹೋಗಿ ಯೂರೋ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರೊಯೇಷಿಯಾ ದೇಶ 2023ರ ಜನವರಿ 1ರಂದು ತನ್ನ ನಾಣ್ಯವಾದ ಕೂನಾವನ್ನು ಬಿಟ್ಟು ಯೂರೋ ಬಳಸಲು ಶುರುಮಾಡಿದ್ದನ್ನು ಹಿಂದಿನ ಸಂಚಿಕೆಯಲ್ಲಿ ಚುಟುಕಾಗಿ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ರಾಜಕೀಯ ಕೇಳಿದವರು ಕಡಿಮೆ, ಲೆಕ್ಕ ಕೇಳಿದವರೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಇಡೀ ದೇಶದ ದುಡ್ಡು ಬದಲಾಗುವುದು ಹೇಗೆ? ಬ್ಯಾಂಕಿನಲ್ಲಿದ್ದ ಹಣ ಏನಾಯಿತು? (ಶಿವಮೊಗ್ಗ)

ರಾತ್ರೋರಾತ್ರಿ ಬದಲಾಗಿದ್ದು ಖಾತೆಯಲ್ಲಿದ್ದ ಹಣ ಮಾತ್ರ. ಜೇಬಿನ ದುಡ್ಡಿಗೆ ಎರಡು ವಾರ, ಪೆಟ್ಟಿಗೆಯಲ್ಲಿಟ್ಟ ದುಡ್ಡಿಗೆ ವರ್ಷಗಟ್ಟಲೆ ಕಾಲಾವಕಾಶ ಇತ್ತು.

ಉಳಿತಾಯ, ಠೇವಣಿ, ಸಾಲ ಎಲ್ಲವನ್ನೂ ಬ್ಯಾಂಕುಗಳೇ 1 ಯೂರೋಗೆ 7.53450 ಕೂನಾ ದರದಲ್ಲಿ ಪರಿವರ್ತಿಸಿದವು. ಗ್ರಾಹಕರು ಅರ್ಜಿ ಕೊಡಬೇಕಿರಲಿಲ್ಲ, ಶುಲ್ಕವೂ ಇರಲಿಲ್ಲ, ಖಾತೆಯ ಸಂಖ್ಯೆಯೂ ಬದಲಾಗಲಿಲ್ಲ. ನಗದಿನ ವಿಷಯದಲ್ಲಿ ಜನವರಿ 1ರಿಂದ 14ರವರೆಗೆ ಎರಡೂ ಹಣ ಚಲಾವಣೆಯಲ್ಲಿದ್ದವು. 15ನೇ ತಾರೀಖಿನಿಂದ ಅಂಗಡಿಯಲ್ಲಿ ಕೂನಾ ನಡೆಯಲಿಲ್ಲ. ಆಮೇಲೂ ಬ್ಯಾಂಕು, ಅಂಚೆ ಕಚೇರಿಗಳಲ್ಲಿ 2023ರ ಕೊನೆಯವರೆಗೆ ಬದಲಾಯಿಸಿಕೊಳ್ಳಬಹುದಿತ್ತು. ಕ್ರೊಯೇಷಿಯಾದ ಕೇಂದ್ರ ಬ್ಯಾಂಕು ನಾಣ್ಯಗಳನ್ನು 2025ರ ಡಿಸೆಂಬರ್ 31ರವರೆಗೆ ತೆಗೆದುಕೊಂಡಿತು. ನೋಟುಗಳಿಗೆ ಅಲ್ಲಿ ಕೊನೆಯ ದಿನಾಂಕವೇ ಇಲ್ಲ.

ನಿಜವಾದ ತಯಾರಿ ನಡೆದದ್ದು ಅದಕ್ಕೂ ಮುಂಚೆ. 2022ರ ಸೆಪ್ಟೆಂಬರ್ 5ರಿಂದ ಎಲ್ಲ ಬೆಲೆಗಳನ್ನೂ ಎರಡೂ ಹಣದಲ್ಲಿ ಬರೆಯುವುದು ಕಡ್ಡಾಯವಾಯಿತು. ಈ ಜೋಡಿ ಬೆಲೆ 2023ರ ಕೊನೆಯವರೆಗೂ ಇತ್ತು, ಅಂದರೆ ಕೂನಾ ಸತ್ತ ಮೇಲೂ ಸುಮಾರು ಒಂದು ವರ್ಷ. ಡಿಸೆಂಬರ್‌ನಲ್ಲಿ ಜನರ ಕೈ ಪಳಗಲೆಂದು ಯೂರೋ ನಾಣ್ಯದ ಪೊಟ್ಟಣ ಮಾರಿದರು. ಒಳಗಿದ್ದದ್ದು 13.28 ಯೂರೋ, ಬೆಲೆ 100 ಕೂನಾ. ಲೆಕ್ಕ ಹಾಕಿದರೆ 100 ಕೂನಾಕ್ಕೆ ಬರುವುದು 13.27. ಒಂದು ಸೆಂಟ್ ಸರ್ಕಾರದ ಕೊಡುಗೆ!

7.53450 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು? 7.50 ಎಂದು ಇಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿರಲಿಲ್ಲವೇ? (ಧಾರವಾಡ, ಗಣಿತ ಶಿಕ್ಷಕರು)

ಸುಲಭವಾಗುತ್ತಿತ್ತು, ಆದರೆ ಒಂದೇ ರಾತ್ರಿಯಲ್ಲಿ ಸಂಪತ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರುತ್ತಿತ್ತು. ಮಾರುಕಟ್ಟೆಯ ದರ 7.53ರ ಆಸುಪಾಸಿನಲ್ಲಿರುವಾಗ 7.50ಕ್ಕೆ ಕಟ್ಟಿದರೆ ಕೂನಾ ಇಟ್ಟುಕೊಂಡವರಿಗೆಲ್ಲ ಶೇ 0.46ರಷ್ಟು ಪುಕ್ಕಟೆ ಲಾಭ. ಮುಂಚೆಯೇ ಸುಳಿವು ಸಿಕ್ಕವರು ಕೂನಾ ಕೊಂಡು ಗುಡ್ಡೆ ಹಾಕಿಕೊಳ್ಳುತ್ತಿದ್ದರು.

ನಡೆದದ್ದು ಹೀಗೆ. 2020ರ ಜುಲೈ 10ರಂದು ಕೂನಾ ಯುರೋಪಿನ ವಿನಿಮಯ ದರ ವ್ಯವಸ್ಥೆಯೊಳಗೆ ಬಂತು. ಯೂರೋ ಸೇರುವ ಮೊದಲು ಯಾವುದೇ ನಾಣ್ಯ ಕನಿಷ್ಠ ಎರಡು ವರ್ಷ ಅಲ್ಲಿ ಹೆಚ್ಚು ತೂಗಾಡದೆ ನಿಂತು ತೋರಿಸಬೇಕು. ಆಗಿನ ಮಾರುಕಟ್ಟೆ ದರ ನೋಡಿ 7.53450 ಅನ್ನು ನಡುಗೆರೆಯಾಗಿ ಇಟ್ಟರು. 2022ರ ಜುಲೈ 12ರಂದು ಯುರೋಪಿಯನ್ ಒಕ್ಕೂಟದ ಹಣಕಾಸು ಸಚಿವರ ಮಂಡಳಿ ಅದನ್ನೇ ಶಾಶ್ವತ ದರವೆಂದು ಮುದ್ರೆ ಒತ್ತಿತು.

ಕೊನೆಯ ಸೊನ್ನೆ ಯಾಕೆ ಎಂದೂ ನೀವು ಕೇಳಿದ್ದೀರಿ. ನಿಯಮದಂತೆ ದರದಲ್ಲಿ ಆರು ಅರ್ಥಪೂರ್ಣ ಅಂಕಿಗಳಿರಬೇಕು, ಆ ಸೊನ್ನೆ ಆರನೆಯದು. ಸ್ಲೊವೇನಿಯಾದ ದರ 239.640, ಎಸ್ಟೋನಿಯಾದ್ದು 15.6466, ಮಾಲ್ಟಾದ್ದು 0.429300. ಎಲ್ಲದರಲ್ಲೂ ಎಣಿಸಿ ನೋಡಿ, ಆರೇ (ಮೊದಲಿಗೆ ಬರುವ ಸೊನ್ನೆ ಲೆಕ್ಕಕ್ಕಿಲ್ಲ). ಮಾಲ್ಟಾದ ಅಂಕಿ ಒಂದಕ್ಕಿಂತ ಕಡಿಮೆ, ಯಾಕೆಂದರೆ ಅವರ ಲಿರಾ ಯೂರೋಗಿಂತ ದೊಡ್ಡದು. ಅಲ್ಲಿ ಬೆಲೆ ಏರದಿದ್ದರೂ ಚೀಟಿಯ ಮೇಲಿನ ಅಂಕಿ ಎರಡು ಪಟ್ಟಿಗೂ ಮಿಗಿಲಾಯಿತು. ಸಮಾಧಾನ ಹೇಳುವುದು ಎಷ್ಟು ಕಷ್ಟವಾಗಿರಬೇಕು ಯೋಚಿಸಿ.

ಕೂನಾ ಎಂದರೆ ಮಾರ್ಟೆನ್ ಎಂಬ, ಮುಂಗುಸಿಯನ್ನು ಹೋಲುವ ಕಾಡುಪ್ರಾಣಿ. ಮಧ್ಯಯುಗದಲ್ಲಿ ಅದರ ತುಪ್ಪಳದಿಂದಲೇ ತೆರಿಗೆ ಕಟ್ಟುತ್ತಿದ್ದರು. ನಮ್ಮ ಕೊಡಗಿನ ಕಾಡಿನಲ್ಲಿರುವ ನೀಲಗಿರಿ ಮಾರ್ಟೆನ್ ಅದರ ದಾಯಾದಿ. ಹಣ ಹೋದರೂ ಪ್ರಾಣಿ ಉಳಿದಿದೆ: ಕ್ರೊಯೇಷಿಯಾದ 1 ಯೂರೋ ನಾಣ್ಯದ ಮೇಲೆ ಅದೇ ಕೂತಿದೆ.

ಯುರೋಪಿನ ಗ್ರಾಹಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಪರಿವರ್ತನೆ ಎಂದರೆ ಒಂದು ಭಾಗಾಕಾರ ಅಷ್ಟೇ ಅಲ್ಲವೇ? ಇದರಲ್ಲಿ ತಪ್ಪುವುದಕ್ಕೆ ಏನಿದೆ? (ಬೆಂಗಳೂರು)

ಹಾಗೆಂದುಕೊಂಡವರೇ ಹೆಚ್ಚು ತಪ್ಪುವುದು. ಭಾಗಾಕಾರ ಒಂದೇ ನಿಜ, ಆದರೆ ಅದನ್ನು ಎಲ್ಲಿ, ಎಷ್ಟು ಸಲ ಮಾಡುತ್ತೀರಿ ಎಂಬುದರಲ್ಲಿ ಎಡವಟ್ಟು.

ಮೊದಲನೆಯದು: ಭಾಗಿಸಬೇಕು, ಗುಣಿಸಬಾರದು. ಒಂದು ಕೂನಾ ಎಂದರೆ ಸುಮಾರು 0.1327 ಯೂರೋ ಎಂದು ಇಟ್ಟುಕೊಂಡು ಗುಣಿಸುವುದು ಸಲೀಸು ಅನಿಸುತ್ತದೆ. 10 ಲಕ್ಷ ಕೂನಾ ತೆಗೆದುಕೊಳ್ಳಿ. 7.5345ರಿಂದ ಭಾಗಿಸಿದರೆ 1,32,722.81 ಯೂರೋ. 0.1327ರಿಂದ ಗುಣಿಸಿದರೆ 1,32,700. ಸುಮಾರು 23 ಯೂರೋ ಗಾಳಿಗೆ ಹೋಯಿತು. ಇದಕ್ಕಾಗಿಯೇ 1997ರ ಯುರೋಪಿಯನ್ ನಿಯಮ ತಲೆಕೆಳಗಾದ ದರವನ್ನು ಬಳಸಲೇಬಾರದು ಎನ್ನುತ್ತದೆ. ದರವನ್ನು ಮೊಟಕು ಮಾಡುವುದೂ ನಿಷಿದ್ಧ.

ಎರಡನೆಯದು: ರೌಂಡ್ ಮಾಡುವುದು ಒಂದೇ ಸಲ, ಕೊನೆಯಲ್ಲಿ. ಮೂರನೇ ದಶಾಂಶ 5 ಅಥವಾ ಮೇಲಿದ್ದರೆ ಸೆಂಟ್ ಏರಿಸಿ, ಕಡಿಮೆ ಇದ್ದರೆ ಬಿಡಿ. 9.98 ಕೂನಾ ಭಾಗಿಸಿದರೆ 1.32457. ಮೂರನೇ ದಶಾಂಶ 4, ಹಾಗಾಗಿ ಸರಿಯಾದ ಉತ್ತರ 1.32. ನಿಮ್ಮ ಪ್ರೋಗ್ರಾಂ ನಡುವೆ ಎಲ್ಲೋ ಮೂರು ದಶಾಂಶಕ್ಕೆ ರೌಂಡ್ ಮಾಡಿ 1.325 ಎಂದು ಉಳಿಸಿ, ಮುಂದಿನ ಹಂತದಲ್ಲಿ ಮತ್ತೆ ರೌಂಡ್ ಮಾಡಿದರೆ 1.33 ಆಗುತ್ತದೆ. ಈ ದೋಷ ಪರೀಕ್ಷೆಯಲ್ಲಿ ಸಿಗುವುದು ಅಪರೂಪ, ಯಾಕೆಂದರೆ ಪರೀಕ್ಷಿಸುವವರು 10, 100, 500 ಎಂದು ದುಂಡು ಅಂಕಿಗಳನ್ನೇ ಹಾಕಿ ನೋಡುತ್ತಾರೆ. 9.97ರಿಂದ 10.03ರವರೆಗೆ ಒಂದೊಂದೇ ಲೀಪಾ ಏರಿಸುತ್ತಾ ಹಾಕಿ ನೋಡಿ. (ಲೀಪಾ ಎಂದರೆ ಕೂನಾದ ನೂರನೇ ಒಂದು ಭಾಗ.) 9.99ಕ್ಕೂ 10.00ಕ್ಕೂ 1.33 ಎಂದೇ ಬರುತ್ತದೆ, ಅದು ದೋಷವಲ್ಲ. ಒಂದು ಸೆಂಟ್ ಏಳೂವರೆ ಲೀಪಾದಷ್ಟು ದಪ್ಪ, ಅದರೊಳಗೆ ಹಲವು ಬೆಲೆ ಹಿಡಿಸುತ್ತವೆ.

ಮೂರನೆಯದು, ಜಗಳ ಹುಟ್ಟುವುದು ಇಲ್ಲೇ. 9.99 ಕೂನಾದ ಮೂರು ಸಾಮಾನು. ಒಂದೊಂದನ್ನೇ ಪರಿವರ್ತಿಸಿ ಕೂಡಿದರೆ 3.99 ಯೂರೋ. ಮೊತ್ತ 29.97 ಕೂನಾವನ್ನು ಪರಿವರ್ತಿಸಿದರೆ 3.98. ಎರಡೂ ಸರಿ, ಆದರೆ ಒಂದೇ ಬಿಲ್ಲಿನಲ್ಲಿ ಎರಡನ್ನೂ ಬೆರೆಸಿದರೆ ತಪ್ಪು. ಬಿಲ್ಲು ಕೂನಾದಲ್ಲಿದ್ದು ಯೂರೋ ಮಾಹಿತಿಗಷ್ಟೇ ಇದ್ದರೆ ಮೊತ್ತವನ್ನು ಪರಿವರ್ತಿಸಿ. ಬದಲಾವಣೆಯ ದಿನದ ನಂತರ ಸಾಮಾನಿನ ಬೆಲೆಯೇ ಯೂರೋ, ಆಗ ಸಾಲುಗಳನ್ನು ಯೂರೋದಲ್ಲೇ ಕೂಡಿ, ಮಾಹಿತಿಯ ಕೂನಾ ಮೊತ್ತವನ್ನು ಅದರಿಂದ ತೆಗೆಯಿರಿ. ಲೆಕ್ಕಪತ್ರದಲ್ಲಿ ಆರಂಭದ ಶಿಲ್ಕುಗಳನ್ನು ಒಂದೊಂದಾಗಿ ಪರಿವರ್ತಿಸಿದಾಗ ಜಮಾ–ಖರ್ಚು ಕೆಲವು ಸೆಂಟ್ ತಾಳೆಯಾಗುವುದಿಲ್ಲ. ಅದಕ್ಕೆಂದೇ ರೌಂಡಿಂಗ್ ವ್ಯತ್ಯಾಸದ ಒಂದು ಪ್ರತ್ಯೇಕ ಖಾತೆ ತೆರೆದಿಡಿ. ತಾಳೆ ಮಾಡಲೆಂದು ಯಾವನೋ ಒಬ್ಬ ಗ್ರಾಹಕನ ಬಾಕಿಯನ್ನು ತಿದ್ದಬೇಡಿ.

ನಾಲ್ಕನೆಯದು, ಎಲ್ಲಕ್ಕಿಂತ ದುಬಾರಿ. ಯೂನಿಟ್ ಲೆಕ್ಕದಲ್ಲಿ ಮಾರುವ ವಿದ್ಯುತ್, ಗ್ಯಾಸ್, ಫೋನ್ ಕರೆಗಳ ದರವನ್ನು ಎರಡು ದಶಾಂಶಕ್ಕೆ ಇಳಿಸಲೇಬಾರದು. ಯೂನಿಟ್‌ಗೆ 0.80 ಕೂನಾ ಎಂದಿಟ್ಟುಕೊಳ್ಳಿ. ಪರಿವರ್ತಿಸಿದರೆ 0.106178 ಯೂರೋ. ಅದನ್ನು 0.11 ಮಾಡಿದಿರೋ, ಸಾವಿರ ಯೂನಿಟ್‌ಗೆ 106.18 ಆಗಬೇಕಾದದ್ದು 110 ಆಗುತ್ತದೆ. ಶೇ 3.6 ಏರಿಕೆ, ಯಾರೂ ನಿರ್ಧರಿಸದೆ! ಯೂನಿಟ್ ದರ ಆರು ದಶಾಂಶ ಇರಲಿ, ಬಿಲ್ಲಿನ ಮೊತ್ತ ಮಾತ್ರ ಎರಡಕ್ಕೆ ಇಳಿಯಲಿ.

ಇನ್ನುಳಿದವು ಸಣ್ಣವು. ಹಣವನ್ನು ತೇಲುಬಿಂದು ಸಂಖ್ಯೆಯಲ್ಲಿ (ದಶಾಂಶಗಳನ್ನು ಕಂಪ್ಯೂಟರ್ ಅಂದಾಜಾಗಿ ಹಿಡಿದಿಡುವ ಮಾದರಿ) ಇಡದೆ ದಶಮಾಂಶ ಮಾದರಿಯಲ್ಲಿಡಿ. ಹಳೆಯ ದಾಖಲೆಗಳ ಮೇಲೆ ಯೂರೋ ಬರೆದು ಕೂನಾ ಅಳಿಸಬೇಡಿ, ಮೂಲ ಮೊತ್ತ ಪಕ್ಕದಲ್ಲೇ ಇರಲಿ. ಮಾರ್ಚ್‌ನಲ್ಲಿ ಗ್ರಾಹಕ ಡಿಸೆಂಬರ್‌ನ ಸಾಮಾನು ವಾಪಸ್ ತಂದಾಗ ಬೇಕಾಗುತ್ತದೆ. ಅಂತರರಾಷ್ಟ್ರೀಯ ನಾಣ್ಯ ಸಂಕೇತ 191 (ಕೂನಾ) ಹೋಗಿ 978 (ಯೂರೋ) ಆಗುತ್ತದೆ, ಹಳೆಯದನ್ನು ಕೋಡಿನಲ್ಲಿ ನೇರವಾಗಿ ಬರೆದ ಜಾಗಗಳನ್ನೆಲ್ಲ ಹುಡುಕಿ. ಕೂನಾಕ್ಕೆ ಮೊದಲೇ ಎರಡು ದಶಾಂಶ ಇದ್ದದ್ದು ಪುಣ್ಯ. 2002ರಲ್ಲಿ ಇಟಲಿಯವರಿಗೆ ಆ ಭಾಗ್ಯ ಇರಲಿಲ್ಲ. ಲಿರಾದಲ್ಲಿ ಬಿಡಿಭಾಗವೇ ಬಳಕೆಯಲ್ಲಿರಲಿಲ್ಲವಾದ್ದರಿಂದ ಪ್ರತಿ ಪರದೆಗೂ ಪ್ರತಿ ಮುದ್ರಿತ ನಮೂನೆಗೂ ಎರಡು ದಶಾಂಶ ಸೇರಿಸಬೇಕಾಯಿತು.

1957ರಲ್ಲಿ ನಮ್ಮಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗಲೂ ಹೀಗೇ ಗೊಂದಲ ಆಗಿತ್ತು. ಆಗಿನ ನಿಯಮ ಏನಿತ್ತು? (ಮೈಸೂರು, ನಿವೃತ್ತ ಅಂಚೆ ನೌಕರರು)

ಒಳ್ಳೆಯ ಹೋಲಿಕೆ, ಒಂದು ವ್ಯತ್ಯಾಸದೊಂದಿಗೆ. 1957ರ ಏಪ್ರಿಲ್ 1ರಂದು ರೂಪಾಯಿ ಬದಲಾಗಲಿಲ್ಲ, ಅದನ್ನು ಒಡೆಯುವ ಬಗೆ ಬದಲಾಯಿತು. 16 ಆಣೆಯ ಜಾಗದಲ್ಲಿ 100 ನಯಾ ಪೈಸೆ. ಒಂದಾಣೆ ಎಂದರೆ 6.25 ಪೈಸೆ, ಕೊಟ್ಟದ್ದು 6. ಎರಡಾಣೆ 12.5, ಕೊಟ್ಟದ್ದು 12. ಮೂರಾಣೆ 18.75, ಅದಕ್ಕೆ 19. ನಾಲ್ಕಾಣೆಗೆ ಸರಿಯಾಗಿ 25. ಎರಡಾಣೆಯ ಸಾಲು ಗಮನಿಸಿ: ನಮ್ಮ ನಿಯಮದಲ್ಲಿ ಅರ್ಧ ಬಂದರೆ ಕೆಳಕ್ಕೆ, ಯೂರೋ ನಿಯಮದಲ್ಲಿ ಅರ್ಧ ಬಂದರೆ ಮೇಲಕ್ಕೆ. ಹಾಗಾಗಿ ಎರಡಾಣೆಯ ಸಾಮಾನನ್ನು ಎರಡು ಸಲ ಕೊಂಡವನಿಗೆ 24 ಪೈಸೆ, ಒಟ್ಟಿಗೆ ಕೊಂಡವನಿಗೆ 25. ಮೇಲಿನ ಉತ್ತರದ ಮೂರು ಸಾಮಾನಿನ ಕತೆಯೇ ಇದು. ‘ನಯಾ’ ಎಂಬ ಪದ 1964ರ ಜೂನ್ 1ರಂದು ಬಿದ್ದುಹೋಯಿತು. ಎಂಟಾಣೆ ಮಾತ್ರ ನಮ್ಮ ಬಾಯಿಂದ ಇನ್ನೂ ಹೋಗಿಲ್ಲ.

ಆ ಎರಡು ವಾರ ಅಂಗಡಿಯವರು ಗಲ್ಲಾ ಹೇಗೆ ನಿಭಾಯಿಸಿದರು? (ಹುಬ್ಬಳ್ಳಿ, ಕಿರಾಣಿ ವ್ಯಾಪಾರಿ)

ಸೂತ್ರ ಒಂದೇ: ಕೂನಾ ಒಳಗೆ ಬರಬಹುದು, ಹೊರಗೆ ಹೋಗಬಾರದು. ಗಿರಾಕಿ ಕೂನಾ ಕೊಟ್ಟರೂ ಚಿಲ್ಲರೆ ಯೂರೋದಲ್ಲೇ. ಬಿಲ್ಲು 12.40 ಯೂರೋ, ಗಿರಾಕಿ 200 ಕೂನಾ ನೋಟು ಕೊಟ್ಟ ಎನ್ನಿ. ಮೊದಲು ಕೈಗೆ ಬಂದ ನೋಟನ್ನು ಪರಿವರ್ತಿಸಿ: 26.54. ಅದರಿಂದ 12.40 ಕಳೆಯಿರಿ: 14.14 ವಾಪಸ್. ಬಾಯಿಲೆಕ್ಕ ಬೇಡ, ಯಂತ್ರವೇ ಮಾಡಲಿ.

ಗಲ್ಲಾಪೆಟ್ಟಿಗೆಯ ಖಾನೆಗಳು ಯೂರೋಗೆ, ಕೂನಾಕ್ಕೆ ಕೆಳಗೆ ಬೇರೊಂದು ಡಬ್ಬ. ಒಂದೇ ಖಾನೆಯಲ್ಲಿ ಎರಡೂ ಬಿದ್ದರೆ ರಾತ್ರಿ ಲೆಕ್ಕ ಮುಗಿಯುವುದಿಲ್ಲ. ಇದಕ್ಕಿಂತ ದೊಡ್ಡ ತಲೆನೋವು ಚಿಲ್ಲರೆಯ ಅಭಾವ. ಮನೆಯಲ್ಲಿದ್ದ ಕೂನಾ ನೋಟು ಖಾಲಿ ಮಾಡಲು ಜನ ಒಂದು ಬ್ರೆಡ್ಡಿಗೂ ದೊಡ್ಡ ನೋಟು ಹಿಡಿದು ಬರುತ್ತಾರೆ. ಅಂಗಡಿ ಪುಕ್ಕಟೆ ವಿನಿಮಯ ಕೇಂದ್ರ ಆಗಿಬಿಡುತ್ತದೆ. ಅದಕ್ಕಾಗಿ ವ್ಯಾಪಾರಿಗಳಿಗೆ 145.50 ಯೂರೋ ಮೌಲ್ಯದ ನಾಣ್ಯದ ಕಿಟ್ ಮೊದಲೇ ಸಿಗುತ್ತಿತ್ತು. ಮಾಮೂಲಿ ದಿನದ ಚಿಲ್ಲರೆ ಅಂದಾಜು ಈ ಎರಡು ವಾರಕ್ಕೆ ಸಾಲದು, ಮೊದಲ ನಾಲ್ಕೈದು ದಿನಕ್ಕಂತೂ ಹಲವು ಪಟ್ಟು ಬೇಕು. ಇನ್ನೊಂದು ರಕ್ಷಣೆ: ಯೂರೋ ನಾಣ್ಯಗಳಾದರೆ ಒಂದು ಪಾವತಿಯಲ್ಲಿ 50ಕ್ಕಿಂತ ಹೆಚ್ಚು ತೆಗೆದುಕೊಳ್ಳಲೇಬೇಕೆಂಬ ಬಾಧ್ಯತೆ ಅಂಗಡಿಯವರಿಗೆ ಇಲ್ಲ.

ಯೂರೋ ಬಂದ ಮೇಲೆ ಬೆಲೆ ಏರಿತು ಎಂದು ಜನ ಹೇಳುತ್ತಾರೆ, ಅಂಕಿಅಂಶ ಇಲ್ಲ ಎನ್ನುತ್ತದೆ. ಯಾರನ್ನು ನಂಬುವುದು? (ಬೆಳಗಾವಿ)

ಇಬ್ಬರನ್ನೂ, ಬೇರೆ ಬೇರೆ ಸಾಮಾನಿಗೆ.

ಕಾಫಿ 10 ಕೂನಾ ಇತ್ತು ಎಂದುಕೊಳ್ಳಿ. ನೇರ ಪರಿವರ್ತನೆ 1.33. ಅಂಗಡಿಯವನಿಗೆ 1.33ರ ಚಿಲ್ಲರೆ ಕಿರಿಕಿರಿ, ದುಂಡಾಗಿ 1.50 ಬರೆದ. ಅದು 11.30 ಕೂನಾ, ಶೇ 13 ಏರಿಕೆ. ಕ್ಷೌರ, ಕಾಫಿ, ಬೇಕರಿ ತಿಂಡಿ, ಪಾರ್ಕಿಂಗ್ ಇವೆಲ್ಲ ಹೀಗೆ ಜಿಗಿಯುವ ಬಾಬತ್ತುಗಳು. ದಿನಾ ಕೊಳ್ಳುತ್ತೇವೆ, ನಗದಿನಲ್ಲಿ ಕೊಡುತ್ತೇವೆ, ಹಳೆಯ ಬೆಲೆ ನೆನಪಿರುತ್ತದೆ. ಬಾಡಿಗೆ, ವಿದ್ಯುತ್, ವಿಮೆ, ಫ್ರಿಜ್ಜು ಸೆಂಟ್ ಲೆಕ್ಕದಲ್ಲಿ ಸರಿಯಾಗಿ ಪರಿವರ್ತನೆಯಾಗುತ್ತವೆ, ಅವು ಗಮನಕ್ಕೆ ಬರುವುದಿಲ್ಲ. ಮನೆಖರ್ಚಿನಲ್ಲಿ ದೊಡ್ಡ ಪಾಲು ಮಾತ್ರ ಅವುಗಳದ್ದೇ. 2002ರಲ್ಲಿ ಹನ್ನೆರಡು ದೇಶಗಳು ನಗದು ಬದಲಿಸಿದಾಗ ಅದರಿಂದಾದ ಏರಿಕೆ ಶೇಕಡಾ 0.1ರಿಂದ 0.3ರಷ್ಟು ಎಂದು ಯುರೋಪಿನ ಅಂಕಿಅಂಶ ಸಂಸ್ಥೆ ಅಂದಾಜಿಸಿತ್ತು. ಅದೇ ವರ್ಷ ಜರ್ಮನಿಯಲ್ಲಿ ‘ವರ್ಷದ ಪದ’ ಎಂದು ಆರಿಸಿದ್ದು ‘ಟಾಯ್ರೊ’. ಅವರ ಭಾಷೆಯ ‘ದುಬಾರಿ’ಗೆ ಯೂರೋ ಬೆಸೆದು ಮಾಡಿದ ಮಾತು.

ಕ್ರೊಯೇಷಿಯಾದ ದುರದೃಷ್ಟ ಎಂದರೆ ಕಾಲ. 2022ರ ನವೆಂಬರ್‌ನಲ್ಲೇ ಇಂಧನ, ಆಹಾರದ ದೆಸೆಯಿಂದ ಅಲ್ಲಿ ಬೆಲೆ ಏರಿಕೆ ಶೇ 13 ಮುಟ್ಟಿತ್ತು. ಆ ಬೆಂಕಿಯ ನಡುವೆ ಬೆಲೆಚೀಟಿ ಬದಲಾಯಿಸಿದಾಗ ಯಾವ ಏರಿಕೆ ಯಾವುದರದ್ದು ಎಂದು ಗಿರಾಕಿಗೆ ತಿಳಿಯುವುದಾದರೂ ಹೇಗೆ? ಕೆಲವರು ಸಂದಿಯಲ್ಲಿ ಕೈ ಹಾಕಿದ್ದೂ ನಿಜ. ಜನವರಿ ಮೊದಲ ವಾರದಲ್ಲೇ ಸರ್ಕಾರ ಡಿಸೆಂಬರ್ 31ರ ಬೆಲೆಗೆ ವಾಪಸ್ ಹೋಗಿ ಎಂದು ಗದರಿಸಿ ತನಿಖಾಧಿಕಾರಿಗಳನ್ನು ಬಿಟ್ಟಿತು. ನಮ್ಮ ಅಭಿಪ್ರಾಯದಲ್ಲಿ ದಂಡಕ್ಕಿಂತ ಜೋಡಿ ಬೆಲೆಚೀಟಿಯೇ ಗಟ್ಟಿ ಕಾವಲು. ಹಳೆಯ ಅಂಕಿ ಕಣ್ಣೆದುರು ಇರುವಷ್ಟು ದಿನ ಮೋಸ ಸುಲಭವಲ್ಲ.

ಅಲ್ಲಿಯವರ ಬಾಯಿಲೆಕ್ಕಕ್ಕೆ ಒಂದು ಉಪಾಯ: ಕೂನಾವನ್ನು 4ರಿಂದ ಗುಣಿಸಿ 30ರಿಂದ ಭಾಗಿಸುವುದು. 100 ಕೂನಾಕ್ಕೆ 13.33 ಬರುತ್ತದೆ, ನಿಜವಾದದ್ದು 13.27. ತರಕಾರಿ ಕೊಳ್ಳಲು ಸಾಕು, ಸಾಲದ ಪತ್ರಕ್ಕೆ ಸಾಲದು.

ಮನೆ ಸಾಲ ಇದ್ದವರ ಬಡ್ಡಿ, ಕಂತು ಬದಲಾಯಿತೇ? (ದಾವಣಗೆರೆ)

ಅಸಲನ್ನೂ ಕಂತನ್ನೂ ಅದೇ ದರದಿಂದ ಭಾಗಿಸಿದರು. ಸ್ಥಿರ ಬಡ್ಡಿ ಇದ್ದಷ್ಟೇ ಉಳಿಯಿತು. ನಾಣ್ಯ ಬದಲಾಯಿತೆಂಬ ಕಾರಣಕ್ಕೆ ಯಾವ ಒಪ್ಪಂದವೂ ಮುರಿಯುವುದಿಲ್ಲ, ತಿದ್ದಲೂ ಆಗದು ಎಂದು ಯುರೋಪಿಯನ್ ನಿಯಮವೇ ಹೇಳುತ್ತದೆ. ಹಾಗೆ ನೋಡಿದರೆ ಅಲ್ಲಿನ ಎಷ್ಟೋ ಸಾಲಗಳು ಮೊದಲೇ ಯೂರೋಗೆ ಕಟ್ಟಿದ್ದವು. ಸಂಬಳ ಕೂನಾದಲ್ಲಿ, ಸಾಲ ಯೂರೋದಲ್ಲಿ. ಕೂನಾ ಕುಸಿದರೆ ಕಂತು ಏರುವ ಭಯ ಸದಾ ಇತ್ತು. ಸ್ವಿಸ್ ಫ್ರಾಂಕ್‌ಗೆ ಕಟ್ಟಿದ ಸಾಲ ಮಾಡಿದವರು 2015ರ ಜನವರಿಯಲ್ಲಿ ಆ ಫ್ರಾಂಕ್ ಜಿಗಿದಾಗ ಸುಟ್ಟುಕೊಂಡಿದ್ದರು. ಈಗ ಸಂಬಳ, ಸಾಲ ಎರಡೂ ಒಂದೇ ಹಣದಲ್ಲಿವೆ. ಇದಕ್ಕೆ ತೆತ್ತ ಬೆಲೆ: ಬಡ್ಡಿ ದರದ ನಿರ್ಧಾರ ಯುರೋಪಿನ ಕೇಂದ್ರ ಬ್ಯಾಂಕು ಇರುವ ಫ್ರಾಂಕ್‌ಫರ್ಟ್‌ಗೆ ಹೋಯಿತು, ಕಷ್ಟಕಾಲದಲ್ಲಿ ಸ್ವಂತ ನಾಣ್ಯದ ಬೆಲೆ ಇಳಿಸಿ ರಫ್ತು ಹೆಚ್ಚಿಸುವ ದಾರಿ ಮುಚ್ಚಿತು. 2010ರ ನಂತರ ಗ್ರೀಸ್ ಪಟ್ಟ ಪಾಡಿನಲ್ಲಿ ಆ ಮುಚ್ಚಿದ ದಾರಿಯ ಪಾಲೂ ಇದೆ.

ಅನುಮತಿ ಕೇಳದೆ ಒಂದು ದೇಶ ಯೂರೋ ಬಳಸಬಹುದೇ? (ತುಮಕೂರು)

ಬಳಸಬಹುದು, ಮಾಂಟೆನೆಗ್ರೊ, ಕೊಸೊವೊ ಬಳಸುತ್ತಿವೆ. ಆದರೆ ನೋಟು ಹೊರಡಿಸುವ ಹಕ್ಕಿಲ್ಲ, ಕೇಂದ್ರ ಬ್ಯಾಂಕಿನ ಸಭೆಯಲ್ಲಿ ಕುರ್ಚಿ ಇಲ್ಲ, ಬ್ಯಾಂಕುಗಳು ಕಷ್ಟಕ್ಕೆ ಸಿಕ್ಕಿದರೆ ಫ್ರಾಂಕ್‌ಫರ್ಟ್ ಕೈಹಿಡಿಯಬೇಕೆಂದಿಲ್ಲ.

ತಂದೆಯವರು ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಅವರ ಟ್ರಂಕಿನಲ್ಲಿ 500 ಜರ್ಮನ್ ಮಾರ್ಕ್, ಇಟಲಿಯ ಲಿರಾ, ಯುಗೊಸ್ಲಾವಿಯಾದ ದಿನಾರ್ ಸಿಕ್ಕಿವೆ. ಇವಕ್ಕೆ ಬೆಲೆ ಇದೆಯೇ? (ಕುಂದಾಪುರ)

ಮಾರ್ಕ್‌ಗೆ ಇದೆ. ಜರ್ಮನಿಯ ಕೇಂದ್ರ ಬ್ಯಾಂಕು ಮಾರ್ಕ್ ನೋಟು, ನಾಣ್ಯ ಎರಡನ್ನೂ ಕಾಲಮಿತಿ ಇಲ್ಲದೆ, ಶುಲ್ಕವಿಲ್ಲದೆ ಬದಲಾಯಿಸಿಕೊಡುತ್ತದೆ. ದರ 1.95583, ನಿಮ್ಮ 500ಕ್ಕೆ 255.65 ಯೂರೋ. ಆದರೆ ನೋಟು ಯಾವ ಜರ್ಮನಿಯದ್ದು ಎಂದು ಮೊದಲು ನೋಡಿ. ಪೂರ್ವ ಜರ್ಮನಿಯ ಮಾರ್ಕ್ ಆಗಿದ್ದರೆ ವಿನಿಮಯ ಇಲ್ಲ.

ಲಿರಾ 2011ರ ಡಿಸೆಂಬರ್ 6ಕ್ಕೇ ಮುಗಿಯಿತು. ಯುಗೊಸ್ಲಾವ್ ದಿನಾರ್‌ಗೆ ಬದಲಾಯಿಸುವ ಬ್ಯಾಂಕೇ ಇಲ್ಲ, ನಾಣ್ಯ ಸಂಗ್ರಾಹಕರನ್ನು ಕೇಳಿ ನೋಡಿ. ಇದೇ ಬಗೆಯ ಪತ್ರ ಬರೆದ ಇತರರಿಗಾಗಿ: ಫ್ರಾನ್ಸಿನ ಫ್ರಾಂಕ್ 2012ರ ಫೆಬ್ರುವರಿಯಲ್ಲಿ, ಗ್ರೀಸಿನ ದ್ರಾಖ್ಮಾ ಅದೇ ವರ್ಷ ಮಾರ್ಚ್ 1ರಂದು, ಸ್ಪೇನಿನ ಪೆಸೆಟಾ 2021ರ ಜೂನ್ 30ರಂದು ಬಾಗಿಲು ಹಾಕಿದವು. ಐರ್ಲೆಂಡಿನ ಪೌಂಡ್‌ಗೆ ಮಿತಿ ಇಲ್ಲ. ಹಾಲೆಂಡಿನ ಗಿಲ್ಡರ್ ನೋಟುಗಳಲ್ಲಿ ಹೆಚ್ಚಿನವುಗಳಿಗೆ 2032ರ ಜನವರಿ 1ರವರೆಗೆ ಅವಕಾಶ. ಕೂನಾ ನೋಟು ಇದ್ದರೆ ಝಾಗ್ರೆಬ್‌ನ ಕೇಂದ್ರ ಬ್ಯಾಂಕು, ಬಲ್ಗೇರಿಯಾದ ಲೆವ್ ಇದ್ದರೆ ಸೋಫಿಯಾದ ಕೇಂದ್ರ ಬ್ಯಾಂಕು. ಬಲ್ಗೇರಿಯಾ 2026ರ ಜನವರಿ 1ರಂದು ಯೂರೋ ಸೇರಿತು, ದರ ಜರ್ಮನ್ ಮಾರ್ಕ್‌ನದ್ದೇ 1.95583. ಕಾಕತಾಳೀಯ ಏನಲ್ಲ, 1997ರಿಂದ ಲೆವ್ ಅನ್ನು ಮಾರ್ಕ್‌ಗೇ ಕಟ್ಟಿಹಾಕಿದ್ದರು.

ನಮ್ಮ ಊರಿನ ಹಣ ವಿನಿಮಯದವರು ಇವನ್ನು ಮುಟ್ಟುವುದಿಲ್ಲ, ಮುಟ್ಟಿದರೂ ಕಾಲು ಬೆಲೆ ಹೇಳುತ್ತಾರೆ. ನೋಟುಗಳನ್ನು ಅಂಚೆ ಲಕೋಟೆಯಲ್ಲಿ ಹಾಕಿ ಕಳಿಸುವ ಸಾಹಸ ಬೇಡ. ಜರ್ಮನಿಗೆ ಹೋಗುವ ನಂಟರಿದ್ದರೆ ಅವರ ಕೈಯಲ್ಲಿ ಕೊಡಿ, ಪಾಸ್‌ಪೋರ್ಟ್ ಜತೆಗಿರಲಿ ಎನ್ನಿ. ಅವರು ಯೂರೋ ತಂದರೆ ನೋಟಾಗಿಯೇ ತರಲಿ, ಇಲ್ಲಿ ನಾಣ್ಯ ಕೊಳ್ಳುವವರಿಲ್ಲ. ವಿದೇಶಿ ನಾಣ್ಯಗಳನ್ನು ಎಷ್ಟು ಬೇಕಾದರೂ ಮನೆಯಲ್ಲಿಟ್ಟುಕೊಳ್ಳಬಹುದು, ನೋಟಾದರೆ 2,000 ಡಾಲರ್ ಮೌಲ್ಯದವರೆಗೆ ಮಾತ್ರ. ಅದಕ್ಕೆ ಮೀರಿದ್ದನ್ನು, ಪ್ರಯಾಣದಿಂದ ಮರಳಿದ 180 ದಿನಗಳೊಳಗೆ ಅಧಿಕೃತ ವಿನಿಮಯದವರಿಗೆ ಒಪ್ಪಿಸಿ ರಸೀದಿ ಪಡೆಯಬೇಕು.